ಇಲ್ಲದ್ದಕ್ಕೂ ಒಂದು ಕಾರ್ಡು

ಪ್ರೀತಿಯ ಆತ್ಯಾ,

ಮೇಲೆ ಮೂಲೆಯಲ್ಲಿ ಪೆನ್ಸಿಲಿನಿಂದ ಶ್ರೀ ಬರೆದೇ ಶುರು ಮಾಡಿದ್ದೇನೆ, ಆ ವಿಷಯಕ್ಕಂತೂ ಬೈಯಬೇಡ. ನೀನು ಹೋಗಿ ಹನ್ನೊಂದು ತಿಂಗಳಾಯಿತು. ನಿನಗೆ ಹೇಳಬೇಕಾದ ಸುದ್ದಿ ಎರಡಿವೆ. ಒಂದನ್ನು ಕೇಳಿದ್ದರೆ ನೀನು ಎಲ್ ಸೆರಿಟೋ ಮನೆಯ ಮೆಟ್ಟಿಲ ಮೇಲೆ ನಿಂತು ಇಡೀ ಓಣಿಗೆ ಕೇಳುವಂತೆ ಸಾರುತ್ತಿದ್ದೆ. ಇನ್ನೊಂದನ್ನು ಕೇಳಿದ್ದರೆ ನನ್ನ ಕಿವಿ ಹಿಂಡುತ್ತಿದ್ದೆ. "ಕೆಟ್ಟದ್ದು ಮೊದಲ ಹೇಳು, ಒಳ್ಳೇದು ಎಲ್ಲಿಗೂ ಓಡಿ ಹೋಗೂದಿಲ್ಲ" ಅನ್ನುವವಳು ನೀನು. ಆದರೆ ಪತ್ರ ಬರೆಯುತ್ತಿರುವವಳು ನಿನ್ನ ತಮ್ಮನ ಮಗಳು. ಮೊಂಡುತನ ನಿನ್ನ ಕಡೆಯಿಂದಲೇ ಬಂದದ್ದು, ಹಾಗಾಗಿ ಹಳೆಯದರಿಂದ ಶುರು ಮಾಡಿ ನನ್ನ ಕ್ರಮದಲ್ಲೇ ಹೇಳುತ್ತೇನೆ.

ನಾನು ಮದುವೆಯಾಗಿ ಅಮೆರಿಕಕ್ಕೆ ಬಂದ ಮೊದಲ ವಾರ ನೆನಪಿದೆಯಾ? ಹೊಸದಾಗಿ ಬಂದವರಿಗೆ ಎಲ್ಲರೂ ಕಡಲ ಮೇಲಿನ ಆ ಕೆಂಪು ಸೇತುವೆ ತೋರಿಸುತ್ತಾರೆ. ನೀನು ನನ್ನನ್ನು ನಿನ್ನ ಲೈಬ್ರರಿಯ ನೆಲಮಾಳಿಗೆಗೆ ಕರೆದುಕೊಂಡು ಹೋದೆ. ಉದ್ದನೆಯ ಮೇಜು, ಹಸಿರು ದೀಪ, ಗೋಡೆಯುದ್ದಕ್ಕೂ ಬೂದು ಬಣ್ಣದ ವರದಿಗಳು. ನಿನ್ನ ಮೇಜಿನ ಹಿಂದೆ ಮರದ ಡ್ರಾಯರುಗಳು, ಅವುಗಳ ತುಂಬ ಅಂಗೈಯಗಲದ ಕಾರ್ಡುಗಳು. ಒಂದೊಂದು ವರದಿಗೆ ಒಂದೊಂದು ಕಾರ್ಡು. ಓದುಗರಿಗೆ ಬೇರೆ ಕಾರ್ಡುಗಳಿದ್ದವು, ಇವು ನಿನ್ನವು. ಯಾವ ವರದಿ ಯಾವ ಜಾಗದಲ್ಲಿದೆ ಎಂದು ತಾಳೆ ನೋಡಲು ನೀನೇ ಟೈಪ್ ಮಾಡಿಕೊಂಡಿದ್ದವು. "ಇದ ನೋಡವಾ ನನ್ನ ಸಂಸಾರ" ಅಂದೆ. ಪಕ್ಕದಲ್ಲೇ ನಿಂತಿದ್ದ ಮಾಮಾ ಕೆಮ್ಮಿದರು. ಧಾರವಾಡದಲ್ಲಿ ರಸಾಯನಶಾಸ್ತ್ರದ ಬಿಎಸ್ಸಿ ಮುಗಿಸಿ, ಓದಲು ಬಂದ ಗಂಡನ ಹಿಂದೆ ಹಡಗು ಹತ್ತಿ ಬಂದ ಹುಡುಗಿ ನೀನು. ಇಲ್ಲಿ ನಿನಗೆ ಸಿಕ್ಕ ಮೊದಲ ಕೆಲಸ ಅಮೆರಿಕ ಸರ್ಕಾರದ ಅಣುಶಕ್ತಿ ವರದಿಗಳನ್ನು ಜೋಡಿಸುವುದು. ನಮ್ಮ ಮನೆಯಲ್ಲಿ ಯಾರಿಗೂ ಅದೇನು ಕೆಲಸವೆಂದೇ ತಿಳಿಯಲಿಲ್ಲ. ಅಜ್ಜಿ ಮಾತ್ರ ಓಣಿಯಲ್ಲೆಲ್ಲ, "ನಮ್ಮ ಇಂದುಮತಿ ಅಣುಬಾಂಬಿನ ಆಫೀಸಿನ್ಯಾಗ ಇದ್ದಾಳ" ಅಂತ ಹೇಳಿಕೊಂಡು ಬಂದಳಂತೆ!

ಅವತ್ತು ಊಟಕ್ಕೆ ಕೂತಾಗ ನೀನು ಕೊಟ್ಟ ಪಾಠವನ್ನು ನಾನು ಮರೆತಿಲ್ಲ. ಮೊಸರನ್ನದ ಡಬ್ಬಿ ತೆಗೆಯುತ್ತ ಶುರು ಮಾಡಿದೆ. ಯುದ್ಧ ಮುಗಿದ ಮೇಲೆ ಇಲ್ಲಿಯ ಸರ್ಕಾರ ಒಂದು ಕಾನೂನು ಮಾಡಿತು. ಅಣುವಿಗೆ ಸಂಬಂಧಿಸಿದ್ದೆಲ್ಲ ಸರ್ಕಾರದ್ದು: ಯುರೇನಿಯಂ, ಯಂತ್ರ, ಕಡೆಗೆ ಆ ಬಗ್ಗೆ ಯಾರದೋ ತಲೆಯಲ್ಲಿ ಹುಟ್ಟಿದ ವಿಚಾರವೂ. ಸೈನ್ಯದ ಕೈಯಿಂದ ತೆಗೆದು ಸೈನಿಕರಲ್ಲದವರ ಒಂದು ಆಯೋಗಕ್ಕೆ ಕೊಟ್ಟರು, ಆದರೆ ಬೀಗ ಮಾತ್ರ ಹಾಗೇ ಉಳಿಯಿತು. "ಕೂಸು ಹುಟ್ಟೂಕಿಂತ ಮೊದಲ ಗುಟ್ಟು" ಅಂದೆ ನೀನು. ಕೆಲವು ವರ್ಷ ಕಳೆದ ಮೇಲೆ ಇಲ್ಲಿಯ ಅಧ್ಯಕ್ಷರು ಜಗತ್ತಿನ ಸಭೆಯಲ್ಲಿ ನಿಂತು ಅಣುವನ್ನು ಶಾಂತಿಗೆ ಬಳಸೋಣ ಎಂದರು. ಕಾನೂನು ಬದಲಾಯಿತು, ಖಾಸಗಿ ಕಂಪನಿಗಳೂ ವಿದ್ಯುತ್ ಸ್ಥಾವರ ಕಟ್ಟಬಹುದೆಂದಾಯಿತು. ವರದಿಗಳು ಪೆಟ್ಟಿಗೆಗಟ್ಟಲೆ ಲೈಬ್ರರಿಗಳಿಗೆ ಬಂದವು, ಹೊರದೇಶಗಳಿಗೂ ಹೋದವು. ಆ ಪೆಟ್ಟಿಗೆಗಳನ್ನು ಬಿಚ್ಚುವ ಕೈಗಳಲ್ಲಿ ನಿನ್ನವೂ ಇದ್ದವು. ಅಣುಶಕ್ತಿಯನ್ನು ಬೆಳೆಸುವುದೂ ಅದರ ಮೇಲೆ ಕಣ್ಣಿಡುವುದೂ ಒಂದೇ ಆಯೋಗದ ಕೆಲಸ ಎಂದಾಗ ನಾನು ಅದರಲ್ಲಿ ತಪ್ಪೇನು ಅಂದಿದ್ದೆ. "ಸಾರು ಮಾಡಾಕಿನೂ ಆಕಿನ, ರುಚಿ ನೋಡಿ ಛಲೋ ಅದ ಅನ್ನಾಕಿನೂ ಆಕಿನ. ಉಂಡವರು ಏನ್ ಹೇಳಬೇಕು?" ಎಂದು ಕೇಳಿದೆ. ನಾನು ಇಲ್ಲಿಗೆ ಬರುವ ಎಷ್ಟೋ ವರ್ಷ ಮೊದಲೇ ಆ ಆಯೋಗವನ್ನು ಒಡೆದು ಬೆಳೆಸುವವರನ್ನೂ ನೋಡಿಕೊಳ್ಳುವವರನ್ನೂ ಬೇರೆ ಮಾಡಿದ ದಿನ ನೀನು ಲೈಬ್ರರಿಗೆಲ್ಲ ಶಿರಾ ಹಂಚಿದ್ದೆಯಂತೆ. ಯಾಕೆಂದು ಯಾರಿಗೂ ಹೇಳಲಿಲ್ಲವಂತೆ.

ಸರ್ಕಾರದ ಆ ಭದ್ರತೆಯವನ ಕಥೆಯನ್ನಂತೂ ಪ್ರತಿ ದೀಪಾವಳಿಗೂ ನಿನ್ನಿಂದ ಹೇಳಿಸಿಕೊಳ್ಳುತ್ತಿದ್ದೆವು. ನೀನು ಕೆಲಸಕ್ಕೆ ಸೇರಿದ ಹೊಸದು. ಒಂದು ದಿನ ಸೂಟು ಹಾಕಿದವನೊಬ್ಬ ಬಂದು ನಿನ್ನ ಮೇಜಿನ ಮೇಲೆ ಹತ್ತು ಕಾರ್ಡು ಹರಡಿದ. ಎಲ್ಲದರ ಮೂಲೆಯಲ್ಲೂ ಪೆನ್ಸಿಲಿನ ಒಂದೇ ಗುರುತು. "ಏನು ಈ ಸಂಕೇತ? ಯಾರಿಗಾಗಿ?" ಎಂದ. ನೀನು ಹೆದರಿದ್ದೆಯಂತೆ, ಆದರೆ ಬಾಯಿ ಮಾತ್ರ ಸುಮ್ಮನಿರಲಿಲ್ಲ. "ಸಾಹೇಬ್ರ, ಅದು ನಮ್ಮ ಲಕ್ಷ್ಮೀದೇವಿ ಹೆಸರು. ಏನ ಬರೀಲಿಕ್ಕೆ ಕೂತರೂ ಮೊದಲ ಅದನ್ನ ಬರೀತೀವಿ." ಎಲ್ಲ ಕಾರ್ಡಿಗೂ ಬರೆಯಬೇಕೇ ಎಂದು ಅವನು ಕೇಳಿದ. "ನಿಮ್ಮ ಅಣು ಎಲ್ಲಾರಿಗೂ ಒಳ್ಳೇದು ಮಾಡಬೇಕಂದ್ರ ಯಾರಾದರೂ ಬೇಡ್ಕೋಬೇಕಲ್ರೀ?" ಅಂದೆ. ಪಾಪ, ಅವನು ಅದನ್ನೂ ಬರೆದುಕೊಂಡು ಹೋದ. ಇನ್ನು ಮುಂದೆ ಸರ್ಕಾರಿ ಕಾರ್ಡಿನ ಮುಖದ ಮೇಲೆ ಏನೂ ಬರೆಯಕೂಡದೆಂದು ತಾಕೀತು ಮಾಡಿದ. "ಆತು ಅಂದೆ" ಎಂದು ನೀನು ಕಥೆ ಮುಗಿಸುತ್ತಿದ್ದೆ. ಅಲ್ಲಿಗೆ ಬರೆಯುವುದನ್ನು ಬಿಟ್ಟೆ ಎಂದೇ ನಾವೆಲ್ಲ ತಿಳಿದೆವು. ನಿನ್ನನ್ನು ಅಷ್ಟು ವರ್ಷ ನೋಡಿಯೂ ಹಾಗೆ ತಿಳಿದದ್ದು ನಮ್ಮ ದಡ್ಡತನ.

ನಾನು ನೆವಾರ್ಕಿನ ಮನೆಯಲ್ಲಿ ಡೇಕೇರ್ ಶುರು ಮಾಡಿದಾಗ ನೀನು ಬಂದು ಆಟದ ಸಾಮಾನಿನ ಬುಟ್ಟಿಗಳಿಗೆಲ್ಲ ಚೀಟಿ ಅಂಟಿಸಿದೆ. ಒಂದು ಕರಡಿ ಗೊಂಬೆ ಕಳೆದಿತ್ತು. ಅದರ ಜಾಗದಲ್ಲೂ ಒಂದು ಚೀಟಿ ಇಟ್ಟೆ: "ಇಲ್ಲಿ ಕರಡಿ ಇತ್ತು. ಈಗ ಇಲ್ಲ." ನಾನು ನಕ್ಕೆ. ನೀನು ನಗಲಿಲ್ಲ. ನಿನ್ನ ಡ್ರಾಯರಿನಲ್ಲೂ ಅದೇ ಪದ್ಧತಿ. ಕಪಾಟಿನಿಂದ ಒಂದು ವರದಿ ಕಾಣೆಯಾದರೆ ಅದರ ಕಾರ್ಡನ್ನು ಕಿತ್ತು ಬಿಸಾಡುವ ಹಾಗಿಲ್ಲ. ಅದರ ಮುಂದೆ ಇನ್ನೊಂದು ಕಾರ್ಡು ಇಡಬೇಕು: ಇಲ್ಲಿ ಇಂಥದ್ದಿತ್ತು, ಇಂಥ ಕಾರಣಕ್ಕೆ ಇಲ್ಲ. ನೀನು ಅದನ್ನು 'ಇಲ್ಲದ ಕಾರ್ಡು' ಎಂದು ಕರೆಯುತ್ತಿದ್ದೆ. "ಸರಕಾರ ಕೀಲಿ ಹಾಕಿದ್ದು ತಪ್ಪಲ್ಲವಾ, ಕೆಲವೊಂದಕ್ಕ ಕೀಲಿ ಬೇಕಾಗ್ತದ. ಆದರ ಇಲ್ಲಿ ಒಂದು ಬಾಗಿಲ ಅದ ಅಂತನ ಹೇಳಲಿಲ್ಲಲ್ಲ, ಅದು ತಪ್ಪು." ನಾನು ಆ ಮಾತನ್ನು ಮಕ್ಕಳ ಗದ್ದಲದಲ್ಲಿ ಅರ್ಧ ಕೇಳಿದೆ. ಇನ್ನರ್ಧ ಈಗ ಕೇಳುತ್ತಿದೆ. ಜಂಬವನ್ನೂ ಸೇರಿಸಿದ್ದೆಯಲ್ಲ, "ಇಷ್ಟು ವರ್ಷದಾಗ ನನ್ನ ಕೈಯಿಂದ ಒಂದೂ ಕಳೀಲಿಲ್ಲ" ಅಂತ! ಅದರ ವಿಚಾರಣೆ ಆಮೇಲೆ.

ನನ್ನ ಮಗಳು ಅದಿತಿ ಎರಡನೇ ಕ್ಲಾಸಿನಲ್ಲಿದ್ದಾಗ ನಮ್ಮನ್ನೆಲ್ಲ ಬೊಡೇಗಾದ ಕಡಲ ತುದಿಗೆ ಕರೆದೊಯ್ದೆ. ಗಾಳಿಗೆ ನಿನ್ನ ಸೆರಗು ನಿಲ್ಲುತ್ತಿರಲಿಲ್ಲ. ಅಲ್ಲೊಂದು ದುಂಡನೆಯ ಹೊಂಡ, ತುಂಬ ನೀರು, ನಾಲ್ಕು ಬಾತುಕೋಳಿ. ಇದನ್ನು ನೋಡಲು ಇಷ್ಟು ದೂರ ಡ್ರೈವ್ ಮಾಡಿದೆವಾ ಎಂದು ನನ್ನ ಗಂಡ ಗಿರೀಶ ಗೊಣಗಿದ್ದು ನಿನಗೂ ಕೇಳಿಸಿತ್ತು. ಅದು ಅಣುಸ್ಥಾವರಕ್ಕೆಂದು ತೋಡಿದ ಗುಂಡಿ ಎಂದೆ ನೀನು. ಭೂಕಂಪ ತರುವ, ಭೂಮಿ ಬಿರುಕು ಬಿಟ್ಟಿರುವ ಸಾಲಿನ ಪಕ್ಕದಲ್ಲೇ ಕಟ್ಟಲು ಹೊರಟಿದ್ದರು. ಊರಿನವರು ಪ್ರಶ್ನೆ ಕೇಳಿದರು, ಕೇಳುತ್ತಲೇ ಹೋದರು, ಕಡೆಗೆ ಯೋಜನೆ ಕೈಬಿಟ್ಟರು. ಮಳೆಯ ನೀರು ನಿಂತು ಕೆರೆಯಾಯಿತು. "ಹಂಗಾರ ನೀನು ಅಣುಶಕ್ತಿಗೆ ವಿರೋಧವಾ?" ಎಂದು ನಾನು ಕೇಳಿದ್ದಕ್ಕೆ ನಿನಗೆ ಸಿಟ್ಟೇ ಬಂತು. ಮಾಮಾನ ಥೈರಾಯ್ಡಿಗೆ ಕುಡಿಸಿದ ಔಷಧ ಅದೇ ಅಣುವಿನದು, ಅದರಿಂದಲೇ ಅವರು ಮೂವತ್ತು ವರ್ಷ ಹೆಚ್ಚು ಬದುಕಿದರು ಎಂದು ನೆನಪಿಸಿದೆ. "ನಾನು ಪರನೂ ಅಲ್ಲ, ವಿರೋಧನೂ ಅಲ್ಲ. ನಾನು ಓದಸಾಕಿ" ಅಂದೆ. ಆ ಊರಿನವರು ಎಲ್ಲಿ ಓದಿದರು, ಯಾರು ಓದಿಸಿದರು ಎಂದು ನಾನು ಕೇಳಲಿಲ್ಲ. ಯಾಕೆ ಕೇಳಲಿಲ್ಲ, ಆತ್ಯಾ?

ಅದಕ್ಕೂ ಎಷ್ಟೋ ಮೊದಲು, ನೀನು ನಿವೃತ್ತಳಾದ ವರ್ಷ, ಲೈಬ್ರರಿಯವರು ಕಂಪ್ಯೂಟರಿಗೆ ಬದಲಾಗಿ ಕಾರ್ಡುಗಳನ್ನು ರದ್ದಿಗೆ ಹಾಕುತ್ತೇವೆಂದರು. ನೀನು ನಿನ್ನ ಮೇಜಿನ ಹಿಂದಿನವನ್ನೆಲ್ಲ ಕೇಳಿಕೊಂಡು ಮನೆಗೆ ತಂದೆ. ಅಂದು ನಾನು ಸಹಾಯಕ್ಕೆಂದು ಬೂಟಿನ ಖಾಲಿ ಡಬ್ಬಿಗಳನ್ನು ತಂದಿದ್ದೆ. ಅವುಗಳನ್ನು ನೋಡಿ ನೀನು ಮುಖ ಸಿಂಡರಿಸಿದೆ. "ಚಪ್ಪಲಿ ಡಬ್ಬಿ ಬ್ಯಾಡ." ಗ್ರೋಸರಿ ಅಂಗಡಿಗೆ ಹೋಗಿ ಸೇಬಿನ ರಟ್ಟಿನ ಪೆಟ್ಟಿಗೆ ತಂದೆವು, ಹನ್ನೆರಡು. ಆಗಲೇ ನನಗೆ ಹೊಳೆಯಬೇಕಿತ್ತು. ಇಂಗ್ಲಿಷಿನಲ್ಲಿ ಟೈಪ್ ಮಾಡಿದ ಸರ್ಕಾರಿ ಕಾರ್ಡಿಗೆ ಚಪ್ಪಲಿ ಡಬ್ಬಿಯಾದರೇನು, ಸೇಬಿನ ಪೆಟ್ಟಿಗೆಯಾದರೇನು? ಹೊಳೆಯಲಿಲ್ಲ. ಕಸಕ್ಕೆ ಹೋಗಬಾರದು ಎಂದಷ್ಟೇ ನೀನು ಹೇಳಿದೆ, ನಾನು ಹೂಂಗುಟ್ಟಿದೆ.

ಈಗ ಆ ಕೆಟ್ಟ ಸುದ್ದಿ. ನಿನ್ನ ಮನೆ ಖಾಲಿ ಮಾಡಿ ಪೆಟ್ಟಿಗೆಗಳನ್ನು ನಮ್ಮ ಗರಾಜಿಗೆ ತಂದೆವು. ಏಳು ತಿಂಗಳು ಅಲ್ಲೇ ಇದ್ದವು. ನಾನು ಒಂದು ಲೈಬ್ರರಿಗೆ ಫೋನ್ ಮಾಡಿ ಕೇಳಿದೆ, ವರದಿಗಳ ಪಟ್ಟಿಯೆಲ್ಲ ಕಂಪ್ಯೂಟರಿನಲ್ಲಿದೆ, ಬೇಡವೆಂದರು. "ಎಲ್ಲಾ ಆನ್‌ಲೈನ್ ಇದ್ಯಂತಲ್ಲ ಕಣೇ, ಇನ್ನೆಷ್ಟು ದಿನ ಇಟ್ಕೊಂಡಿರೋದು?" ಎಂದ ಗಿರೀಶ. ಅವನ ಮೇಲೆ ತಪ್ಪು ಹಾಕುವುದಿಲ್ಲ. ಒಂದು ಗುರುವಾರ ಬೆಳಿಗ್ಗೆ ಮೊದಲ ಪೆಟ್ಟಿಗೆಯನ್ನು ನೀಲಿ ತೊಟ್ಟಿಗೆ ಸುರಿದವಳು ನಾನೇ. ರೀಸೈಕಲ್ ಲಾರಿ ಬಂತು, ತೊಟ್ಟಿಯನ್ನು ಎತ್ತಿ ಬೋರಲು ಹಾಕಿತು, ಮುಂದೆ ಹೋಯಿತು. ಖಾಲಿಯಾದ ತೊಟ್ಟಿಗೆ ಎರಡನೇ ಪೆಟ್ಟಿಗೆಯನ್ನು ತರುವಾಗ ಒಂದು ಕಾರ್ಡು ಜಾರಿ ಡ್ರೈವ್‌ವೇಯಲ್ಲಿ ಬೆನ್ನು ಮೇಲಾಗಿ ಬಿತ್ತು. ಸ್ಕೂಲಿಗೆ ಹೊರಟಿದ್ದ ಅದಿತಿ ಎತ್ತಿಕೊಂಡಳು.

"ಅಮ್ಮಾ, ದಿಸ್ ಈಸ್ ಕನ್ನಡ."

ಕಾರ್ಡಿನ ಬೆನ್ನಿನ ಮೇಲೆ, ಮೂಲೆಯಲ್ಲಿ ಶ್ರೀ. ಅದರ ಕೆಳಗೆ ಇರುವೆ ಸಾಲಿನಂಥ ನಿನ್ನ ಅಕ್ಷರ. ಕಾರ್ಡಿನ ಮುಖದ ಮೇಲೆ ಬರೆಯಬಾರದೆಂದು ಅವನು ಹೇಳಿದ್ದ, ನೀನು 'ಆತು' ಅಂದಿದ್ದೆ, ಆಮೇಲೆ ಬೆನ್ನಿನ ಮೇಲೆ ಬರೆದೆ! ನಾನು ಮನೆಯೊಳಗಿನ ಸ್ಲಿಪ್ಪರಿನಲ್ಲೇ ಲಾರಿಯ ಹಿಂದೆ ಓಡಿದೆ. ಮೂರು ಬ್ಲಾಕ್ ಓಡಿದೆ. ಡೇಕೇರಿಗೆ ಮಗುವನ್ನು ಬಿಡಲು ಬಂದವರು ಕಾರು ನಿಲ್ಲಿಸಿ ನೋಡಿದರು. ಲಾರಿ ಫ್ರೀವೇ ಕಡೆಗೆ ತಿರುಗಿತು. ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು. ಹನ್ನೆರಡರಲ್ಲಿ ಒಂದು ಹೋಯಿತು, ಆತ್ಯಾ. ನಿನ್ನ ಮೊದಲ ವರ್ಷಗಳದ್ದೇ ಹೋಯಿತು.

ಆ ಶನಿವಾರದಿಂದ ನಾನೂ ಅದಿತಿಯೂ ಊಟದ ಮೇಜಿನ ಮೇಲೆ ಕಾರ್ಡುಗಳನ್ನು ಹರವಿಕೊಂಡು ಕೂತೆವು. ಬೆರ್ರಿಯೆಸಾದ ಕನ್ನಡ ಕ್ಲಾಸನ್ನು ಎರಡೇ ವರ್ಷಕ್ಕೆ ಬಿಟ್ಟವಳು, ಒತ್ತಕ್ಷರ ಬಂದಲ್ಲಿ ಎಡವುತ್ತ ನಿನ್ನ ಪೆನ್ಸಿಲನ್ನು ಓದಿದಳು. "ಹಾಲಿನ ಪುಟ ಕೇಳಿ ಮೂವರು ತಾಯಂದಿರು ಬಂದಿದ್ದರು. ಒಬ್ಬಾಕೆಯ ಕೂಸು ಅತ್ತಿತು. ನಾನು ಎತ್ತಿಕೊಂಡೆ. ಆಕೆ ಓದಿದಳು." ಬಾಂಬ್ ಪರೀಕ್ಷೆಯ ಧೂಳು ಹುಲ್ಲಿಗೆ ಬಿದ್ದು, ಹುಲ್ಲಿನಿಂದ ಹಾಲಿಗೆ ಬರುತ್ತದೆಯೇ ಎಂದು ಹೆದರಿದ ಕಾಲ ಅದೆಂದು ನಾನು ಅದಿತಿಗೆ ವಿವರಿಸಿದೆ. ಇನ್ನೊಂದರಲ್ಲಿ: "ಕಡಲ ಊರಿನಾಕಿ. ಭೂಕಂಪದ ನಕ್ಷೆ ಬೇಕಂದಳು. ಹುಡುಕಿ ಕೊಡಲಿಲ್ಲ, ಹುಡುಕುವುದು ಕಲಿಸಿದೆ. ಮುಂದಿನ ವಾರ ಇಬ್ಬರನ್ನು ಕರೆತಂದು ತಾನೇ ಕಲಿಸಿದಳು." ಅದರ ಕೆಳಗೇ, "ಕಂಪನಿಯ ಎಂಜಿನಿಯರ್ ಬಂದಿದ್ದ. ಅದೇ ನಕ್ಷೆ, ಅದೇ ಕುರ್ಚಿ. ಆತನಿಗೂ ಚಹಾ ಕೊಟ್ಟೆ." ಒಂದೇ ಒಂದು ಹೆಸರಿಲ್ಲ. ಯಾರು ಏನು ಓದಿದರೆಂದು ಯಾರಿಗೂ ಹೇಳಬಾರದೆನ್ನುವುದು ನಿನ್ನ ಕಸುಬಿನ ನೀತಿ, ಅದಕ್ಕೆ ಹೆಸರು ಬರೆಯಲಿಲ್ಲ, ಕನ್ನಡದಲ್ಲಿ ಬರೆದೆ. "ಶೀ ವಾಸ್ ಸೋ ಕೂಲ್" ಎಂದಳು ಅದಿತಿ. ನನಗೆ ಅಳು ಬಂತು. ಹೆಮ್ಮೆಗೂ ಅಳು ಬರುತ್ತದೆಂದು ಇಷ್ಟು ವಯಸ್ಸಾದ ಮೇಲೆ ತಿಳಿಯಿತು. ದೊಡ್ಡವರು ಆಯೋಗ ಕಟ್ಟಿದರು, ಒಡೆದರು, ಭಾಷಣ ಮಾಡಿದರು. ಆ ನೀತಿ ನೆಲಮಾಳಿಗೆಯ ಮೇಜಿಗೆ ಇಳಿದು ಬಂದಾಗ ಅದನ್ನು ಜನರ ಕೈಗಿಟ್ಟವಳು ನಮ್ಮ ಧಾರವಾಡದ ಇಂದುಮತಿ.

ಗ್ರೇಸ್ ಎಂಬ ಹುಡುಗಿ ಬಂದದ್ದು ಆಮೇಲೆ. ಹಳೆಯ ದಾಖಲೆಗಳನ್ನು ಕಾಪಾಡುವ ಒಂದು ಸಂಗ್ರಹಾಲಯದಲ್ಲಿ ಅವಳ ಕೆಲಸ. ಅದಿತಿ ಇಮೇಲ್ ಬರೆದು ನಾಲ್ಕು ಕಾರ್ಡುಗಳ ಫೋಟೋ ಕಳಿಸಿದ್ದಳು. ಆ ಕಾಲದಲ್ಲಿ ಸರ್ಕಾರ ಏನು ಬರೆಯಿತೆಂಬುದು ಎಲ್ಲ ಕಡೆ ಸಿಗುತ್ತದೆ, ಜನ ಅದನ್ನು ಹೇಗೆ ಓದಿದರೆಂಬುದು ಎಲ್ಲೂ ಇಲ್ಲ ಎಂದಳು ಗ್ರೇಸ್. ನಾನು ಕನ್ನಡ ಓದಿ ಹೇಳಿದೆ, ಅವಳು ಟೈಪ್ ಮಾಡಿದಳು. ನನ್ನ ಉಪ್ಪಿಟ್ಟು ಎರಡು ಸಲ ಹಾಕಿಸಿಕೊಂಡಳು. ಹೊರಡುವಾಗ ಕೇಳಿದಳು, "ಎಲ್ಲಾ ಇವೆಯಾ? ಪೂರ್ತಿ ಸಂಗ್ರಹ ಇದೇನಾ?"

"ಎಲ್ಲಾ ಇವೆ" ಎಂದೆ.

ಸುಳ್ಳು ಹೇಳಿದೆ, ಆತ್ಯಾ. ಪೂರ್ತಿಯಿಲ್ಲದಿದ್ದರೆ ಬೇಡವೆನ್ನುತ್ತಾರೇನೋ ಎಂದು ಹೆದರಿದೆ. ಅದಕ್ಕಿಂತ ಹೆಚ್ಚಾಗಿ ನಾಚಿಕೆ. ನೀನು ಅರವತ್ತು ವರ್ಷ ಕಾಪಾಡಿದ್ದನ್ನು ನಾನು ಒಂದು ಬೆಳಿಗ್ಗೆ ತೊಟ್ಟಿಗೆ ಸುರಿದೆ ಎಂದು ಯಾವ ಬಾಯಿಂದ ಹೇಳಲಿ? ಅದಿತಿ ನನ್ನ ಮುಖ ನೋಡಿದಳು. ಮೂರು ವಾರ ಮನೆಯಲ್ಲಿ ಆ ಸುಳ್ಳನ್ನು ಇಟ್ಟುಕೊಂಡು ಓಡಾಡಿದೆ. ಗ್ರೇಸ್ ಫೋನ್ ಮಾಡಿದಾಗಲೆಲ್ಲ ಡೇಕೇರ್ ಮಕ್ಕಳ ನೆಪ ಹೇಳಿ ಇಟ್ಟುಬಿಡುತ್ತಿದ್ದೆ.

ಒಂಬತ್ತನೇ ಪೆಟ್ಟಿಗೆಯ ನಡುವೆ ಆ ಕಾರ್ಡು ಸಿಕ್ಕಿತು. ಅದು ನಿನ್ನ 'ಇಲ್ಲದ ಕಾರ್ಡು'. ಮುಖದ ಮೇಲೆ ಇಂಗ್ಲಿಷಿನಲ್ಲಿ, ವರದಿ ಕಳೆದಿದೆ, ಹೊಣೆ ಈ ಮೇಜಿನವರದು ಎಂದು ಟೈಪ್ ಮಾಡಿ ನಿನ್ನ ಸಹಿ. ಬೆನ್ನಿನ ಮೇಲೆ ಕನ್ನಡದಲ್ಲಿ: "ಶ್ರೀ. ಇದನ್ನು ನಾನೇ ಕಳೆದೆ. ಎಲ್ಲಿಟ್ಟೆನೋ ತಿಳಿಯದು. ಎರಡು ದಿನ ಯಾರಿಗೂ ಹೇಳಲಿಲ್ಲ. ನೌಕರಿ ಹೋದೀತು ಅನಿಸಿತು. ಮುಚ್ಚಿಟ್ಟರೆ ನನಗೂ ಸರಕಾರದವರಿಗೂ ಏನು ಫರಕು? ಇವತ್ತು ಬರೆದೆ. ಕೈ ನಡುಗಿತು. ಬರೆದೆ."

ಒಂದೂ ಕಳೆಯಲಿಲ್ಲ ಎಂದು ಜಂಬ ಕೊಚ್ಚಿದವಳೇ! ಮೊದಲು ಗಟ್ಟಿಯಾಗಿ ನಕ್ಕೆ. ನಮ್ಮ ಮುಂದೆ ಬಡಾಯಿ ಹೊಡೆದೆ, ಕಾರ್ಡಿನ ಮುಂದೆ ಮಾತ್ರ ಸುಳ್ಳಾಡಲಿಲ್ಲ. ನನ್ನ ಆತ್ಯಾ ಎಂದು ಇಡೀ ನೆವಾರ್ಕಿಗೆ ಕೂಗಿ ಹೇಳಬೇಕೆನಿಸಿತು. ಫೋನ್ ತೆಗೆದುಕೊಂಡು ಗ್ರೇಸಿಗೆ ಎಲ್ಲವನ್ನೂ ಹೇಳಿದೆ: ತೊಟ್ಟಿ, ಲಾರಿ, ಸ್ಲಿಪ್ಪರು, ನನ್ನ ಸುಳ್ಳು. ನಾನು ಕಣ್ಣು ಮುಚ್ಚಿಕೊಂಡೇ ಇದ್ದೆ.

"ಹೋದ ಪೆಟ್ಟಿಗೆಯ ಜಾಗದಲ್ಲಿ ಏನಾದರೂ ಇಡಬೇಕಲ್ಲ. ನಿಮ್ಮ ಆಂಟಿ ಆಗಿದ್ದರೆ ಏನು ಮಾಡುತ್ತಿದ್ದರು?" ಎಂದಳು.

ಹಾಗಾಗಿ ಒಳ್ಳೆಯ ಸುದ್ದಿ ಇದು, ಸರಿಯಾಗಿ ಕೇಳಿಸಿಕೋ. ಹೋದ ಮಂಗಳವಾರ ಹನ್ನೊಂದು ಪೆಟ್ಟಿಗೆಗಳೂ ಸಂಗ್ರಹಾಲಯಕ್ಕೆ ಹೋದವು. ಯಾರು ಬೇಕಾದರೂ ಬಂದು ಕೇಳಿ ನೋಡಬಹುದು, ಬೀಗವಿಲ್ಲ. ಸಂಗ್ರಹಕ್ಕೆ ನಿನ್ನ ಹೆಸರಿಟ್ಟಿದ್ದಾರೆ, ಇಂಗ್ಲಿಷಿನಲ್ಲಿ ಒಮ್ಮೆ, ಕನ್ನಡದಲ್ಲಿ ಒಮ್ಮೆ. ಕನ್ನಡದ ಹೆಸರನ್ನು ಬರೆದು ಕೊಟ್ಟವಳು ಅದಿತಿ. ಉಳಿದ ಕಾರ್ಡುಗಳನ್ನು ಓದಿ ಹೇಳಲು ಇನ್ನು ಪ್ರತಿ ಶನಿವಾರ ನಾವಿಬ್ಬರೂ ಹೋಗುತ್ತೇವೆ, ಮುಗಿಯುವವರೆಗೆ. ಇದು ನಿನಗೆ ಕೊಟ್ಟ ಮಾತು.

ಮೊದಲ ಪೆಟ್ಟಿಗೆಯ ಜಾಗದಲ್ಲಿ ಈಗ ಒಂದೇ ಒಂದು ಕಾರ್ಡು ನಿಂತಿದೆ. ಬೆನ್ನಿನ ಮೇಲೆ ಅದಿತಿ ಶ್ರೀ ಬರೆದಳು. ಮುಖದ ಮೇಲೆ ನಾನು ಬರೆದೆ: "ಇಲ್ಲಿ ಇಂದುಮತಿಯವರ ಮೊದಲ ವರ್ಷಗಳ ಕಾರ್ಡುಗಳಿದ್ದವು. ಈಗ ಇಲ್ಲ. ತಿರುವಿ ನೋಡದೆ ಕಳೆದವಳು ಅವರ ತಮ್ಮನ ಮಗಳು ವಾಣಿ." ಕೆಳಗೆ ಸಹಿ ಹಾಕಿದೆ.

ಕೈ ನಡುಗಿತು, ಆತ್ಯಾ. ಬರೆದೆ.

ನಿನ್ನ
ವಾಣಿ